ಕೋಳಿಕಾಲಿನ ನಳಿಗೆ

19 ಜನವರಿ 1995

ಅಮ್ಮಾ,

ಬದುಕಿದ್ದೇನೆ. ಪತ್ರದಲ್ಲಿ ಮೊದಲು ಇದನ್ನೇ ಬರೆಯಬೇಕೆಂದು ಸ್ಯೋಮಾ ಹೇಳಿಕೊಟ್ಟ. ಅವನ ಅಮ್ಮ ಲಕೋಟೆ ಒಡೆದು ಮೊದಲ ಸಾಲು ಮಾತ್ರ ಓದುತ್ತಾಳಂತೆ. ಅತ್ತು ಮುಗಿಸಿ, ಉಳಿದದ್ದನ್ನು ಮಾರನೆಯ ದಿನ ಹಸುವಿಗೆ ಹುಲ್ಲು ಹಾಕಿ ಬಂದು ಓದುತ್ತಾಳಂತೆ. ಸ್ಯೋಮಾ ಎಂದರೆ ನನ್ನ ಜೋಡಿ, ಪೆರ್ಮ್ ಕಡೆಯ ಹಳ್ಳಿಯವನು. ನಾನು ಗುರಿಯಿಡುವಾಗ ಪಕ್ಕದಲ್ಲಿ ಮಲಗಿ ದುರ್ಬೀನಿನಲ್ಲಿ ನೋಡಿ ಹೇಳುವುದು ಅವನ ಕೆಲಸ. ಹಸಿವು ಹಸಿವು ಎಂದು ಹಾಡುವುದು ಅವನ ಇನ್ನೊಂದು ಕೆಲಸ.

ಎಲ್ಲಿದ್ದೇವೆ ಎಂದು ಬರೆಯುವಂತಿಲ್ಲ. ಮನೆಯಲ್ಲಿ ಟೀವಿ ಇದೆಯಲ್ಲ, ಅದರಲ್ಲಿ ದಿನಾ ತೋರಿಸುವ ಯುದ್ಧ ಇದೇ.

ನನಗೆ ದುರ್ಬೀನು ಬಂದೂಕು ಕೊಟ್ಟಿದ್ದಾರೆ. ಶರತ್ಕಾಲದ ತಾಲೀಮಿನಲ್ಲಿ ಚೆನ್ನಾಗಿ ಹೊಡೆದೆ ಎಂಬುದು ಒಂದು ಕಾರಣ. ಬಂದೂಕು ಕಾರ್ಖಾನೆಯ ನಮ್ಮ ಊರು ಇನ್ನೊಂದು. ಕ್ಯಾಪ್ಟನ್ ಪಟ್ಟಿ ನೋಡುತ್ತ ನನ್ನ ಮುಂದೆ ನಿಂತ. "ಇಝೆವ್ಸ್ಕ್‌ನೋನಾ? ಹಂಗಾದ್ರೆ ನೀನು ಹಾಲಿನ ಜತೆ ಗುಂಡೂ ಕುಡಿದಿರ್ತೀಯ. ತಗೋ!" ಎಂದು ಕೈಗಿಟ್ಟ.

ಅಮ್ಮಾ, ಒರೆಸಲೆಂದು ಮರದ ಹೊದಿಕೆ ಬಿಚ್ಚಿದೆ. ನಳಿಗೆಯ ಬುಡದಲ್ಲಿ ನಿನ್ನ ಗುರುತು! ಮೂರು ಗೀಟಿನ ಕೋಳಿಕಾಲು. ನೀನು ನೆಟ್ಟಗೆ ಮಾಡಿದ ನಳಿಗೆ! ಕಿರುಚಿಬಿಟ್ಟೆ. ಸ್ಯೋಮಾ ಬಗ್ಗಿ ನೋಡಿ, "ನಿಮ್ಮಮ್ಮಂಗೆ ಬರಿ, ಮುಂದಿನ ಸಲ ಪೂರ್ತಿ ಕೋಳೀನೇ ಕಳಿಸಲಿ, ಬರೀ ಕಾಲು ಕಟ್ಕೊಂಡು ನಾನೇನ್ ಮಾಡ್ಲಿ" ಎಂದ.

ನೆಲಮಾಳಿಗೆಯಲ್ಲಿ ಕೂತವರಿಗೆ ಜಗಳವಾಡಲು ಏನಾದರೂ ಬೇಕು. ಬಂದೂಕು ಗುರಿ ತಪ್ಪದಿರಲು ನಿಜವಾಗಿ ಏನು ಕಾರಣ ಎಂದು ನಿನ್ನೆ ಶುರುವಾಯಿತು. ಒಬ್ಬ ನಳಿಗೆಯ ಉದ್ದ ಎಂದ, ಒಬ್ಬ ದಪ್ಪ ಎಂದ. ಕ್ಯಾಪ್ಟನ್ ಕಣ್ಣು ಎಂದ. ಅಡುಗೆಯವನು ವೋಡ್ಕಾ ಎಂದ. ನಾನು ನಮ್ಮಮ್ಮನನ್ನು ಕೇಳುತ್ತೇನೆ ಎಂದು ತೀರ್ಪು ಕೊಟ್ಟೆ. ಬೇಗ ಬರಿ, ಪಂದ್ಯ ಕಟ್ಟಿದ್ದಾರೆ.

ನಿನ್ನ ವೆನ್ಯಾ

*

ಇಝೆವ್ಸ್ಕ್, 6 ಫೆಬ್ರವರಿ

ವೆನ್ಯಾ, ಮಗನೇ,

ಮೊದಲ ಸಾಲು ಓದಿ ನಾನು ಅಳಲಿಲ್ಲ. ಎರಡನೆಯ ಸಲ ಓದಿದಾಗ ಅತ್ತೆ. ಅಷ್ಟರಮಟ್ಟಿಗೆ ನಾನು ಗಟ್ಟಿ ಎಂದು ಸ್ಯೋಮಾನಿಗೆ ಹೇಳು.

ಕೋಳಿಕಾಲು ನಿನ್ನ ಕೈಗೇ ಬಂದಿತಲ್ಲ! ಕಾರ್ಖಾನೆಗೆ ಪತ್ರ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ನಿನ್ನ ಕಿವಿಯೊಳಗಿಂದ ಮಿಠಾಯಿ ತೆಗೆಯುತ್ತಿದ್ದ ಫೋಮಾ ಲೂಕಿಚ್ ನೆನಪಿದ್ದಾರಾ, ನನಗೆ ಕೆಲಸ ಕಲಿಸಿದವರು? ಕನ್ನಡಕ ಹಣೆಗೇರಿಸಿ ಓದಿದರು. "ಲೇ ಉಲ್ಯಾನಾ, ನಿನ್ ಮಗನ್ನ ನೀನೇ ಕಾಯ್ತಿದೀಯ ಅಂದ್ಕೋ" ಎಂದರು. ಆ ಮಾತಿಗೆ ಇಡೀ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಈಗ ನಿಮ್ಮ ನೆಲಮಾಳಿಗೆಯ ಪಂಡಿತರಿಗೆ ಇದನ್ನು ಗಟ್ಟಿಯಾಗಿ ಓದು. ಉದ್ದವೂ ಅಲ್ಲ, ದಪ್ಪವೂ ಅಲ್ಲ. ನೆಟ್ಟಗಿರುವುದು ಕೂಡ ಅಲ್ಲ. ಇದನ್ನು ಹೇಳುತ್ತಿರುವವಳು ಜೀವಮಾನವೆಲ್ಲ ನಳಿಗೆ ನೆಟ್ಟಗೆ ಮಾಡಿದವಳು ಎಂಬುದನ್ನೂ ಸೇರಿಸು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ನಳಿಗೆ ಪ್ರತಿಸಲ ಒಂದೇ ಜಾಗಕ್ಕೆ ಹೊಡೆಯುತ್ತದೆ. ದುರ್ಬೀನು ತಿರುಗಿಸಿ ಸರಿಮಾಡಿಕೊಂಡರೆ ಆಯಿತು.

ಮೊದಲನೆಯದು, ಉಕ್ಕಿನೊಳಗೆ ಸಿಟ್ಟು ಇರಬಾರದು. ಒಳಗೆ ಉಳಿದ ಒತ್ತಡವನ್ನು ನಾವು ಹಾಗೆಯೇ ಕರೆಯುವುದು. ನಾನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತೇನೆ. ನೆರಳಿನ ಉಂಗುರಗಳು ಒಂದರೊಳಗೊಂದು ಸರಿಯಾಗಿ ಕೂತಿರಬೇಕು. ಎಲ್ಲಾದರೂ ಉಂಗುರ ಚಪ್ಪಟೆಯಾಗಿ ಕಂಡರೆ ಅಲ್ಲಿ ಬಾಗಿದೆ ಎಂದರ್ಥ. ಚಕ್ರ ತಿರುಗಿಸಿ ಒತ್ತುತ್ತೇನೆ, ನೆಟ್ಟಗಾಗುತ್ತದೆ. ಆದರೆ ಉಕ್ಕು ಮರೆಯುವುದಿಲ್ಲ ಕಣೋ. ಬಲವಂತವಾಗಿ ಒತ್ತಿ ನೆಟ್ಟಗೆ ಮಾಡಿದ್ದು ತಣ್ಣಗಿರುವಾಗ ಹೇಳಿದ ಮಾತು ಕೇಳುತ್ತದೆ. ಗುಂಡು ಹಾರಿ ಹಾರಿ ಬಿಸಿಯಾದಾಗ ಹಳೆಯ ಬಾಗಿಗೆ ಮರಳುತ್ತದೆ. ಹಾಗಾಗಿ ನಾನು ಕೈಯಿಡಬೇಕಾಗದ ನಳಿಗೆಯೇ ಎಲ್ಲಕ್ಕಿಂತ ಒಳ್ಳೆಯ ನಳಿಗೆ. ಹುಟ್ಟಿನಿಂದ ನೆಟ್ಟಗಿದ್ದದ್ದು.

ಆಮೇಲೆ ಒಳಗಿನ ಅಗಲ ಈ ತುದಿಯಿಂದ ಆ ತುದಿಗೆ ಒಂದೇ ಸಮ ಇರಬೇಕು. ಕೊನೆಯದು ಬಾಯಂಚು, ಗುಂಡು ಹೊರಗೆ ಬೀಳುವ ಆ ತುದಿಯ ಸುತ್ತಂಚು. ಗುಂಡನ್ನು ಕೊನೆಗೆ ಮುಟ್ಟಿ ಬೀಳ್ಕೊಡುವುದು ಅದು. ಹಿಂದಿನಿಂದ ನುಗ್ಗುವ ಹೊಗೆ ಎಲ್ಲ ಕಡೆಯಿಂದಲೂ ಒಟ್ಟಿಗೆ ಬಿಡುಗಡೆಯಾಗಬೇಕು. ಒಂದು ಕಡೆ ಮೊದಲು ಸೋರಿದರೆ ಗುಂಡಿನ ಬೆನ್ನಿಗೆ ಓರೆಯಾಗಿ ಗುದ್ದುತ್ತದೆ.

ಅಡುಗೆಯವನು ಸೋತ. ವೋಡ್ಕಾ ಕೆಲಸ ಮಾಡುವುದಿಲ್ಲ.

ವಸಂತಕ್ಕೆ ನಿನ್ನ ಅವಧಿ ಮುಗಿಯುತ್ತದೆ. ಅಣಬೆ ಒಣಗಿಸಿ ಇಟ್ಟಿದ್ದೇನೆ, ನೀನು ಬಂದ ದಿನ ಅದನ್ನು ತುಂಬಿ ಪೆರೆಪೆಚ್ ರೊಟ್ಟಿ ಬೇಯಿಸುತ್ತೇನೆ. ಸ್ಯೋಮಾನನ್ನೂ ಕರೆದುಕೊಂಡು ಬಾ, ಪೂರ್ತಿ ಕೋಳಿ ಕೊಡುತ್ತೇನೆ.

ಕಾಲು ಒದ್ದೆ ಇಟ್ಟುಕೊಳ್ಳಬೇಡ.

ಅಮ್ಮ

*

27 ಫೆಬ್ರವರಿ

ಅಮ್ಮಾ,

ಬದುಕಿದ್ದೇನೆ.

ನಿನ್ನ ಪತ್ರ ಗಟ್ಟಿಯಾಗಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಇನ್ನೊಂದು ಸಲ ಓದಿಸಿದ.

ನಮ್ಮ ಎದುರಿಗೆ ಐದು ಅಂತಸ್ತಿನ ಒಂದು ಕಟ್ಟಡವಿದೆ, ನಮ್ಮ ಬೀದಿಯ ಕಟ್ಟಡಗಳ ತರಹದ್ದೇ. ಮೂರನೆಯ ಅಂತಸ್ತಿನ ಬಾಲ್ಕನಿಯಲ್ಲಿ ಒಬ್ಬ ಬೋಳುತಲೆಯವನು ಬೆಳಿಗ್ಗೆ ಬೆಳಿಗ್ಗೆ ಕಂಬಳಿ ಕೊಡವುತ್ತಿದ್ದ. ಕೆಂಪು ಕಂಬಳಿ. ಶನಿವಾರ ನೀನು ಹಿಮದ ಮೇಲೆ ಹಾಸಿ ಬಡಿಯುತ್ತೀಯಲ್ಲ, ಅಂಥದ್ದು. ಅವನ ಕೈಯಲ್ಲಿ ಬಂದೂಕಿತ್ತು ಎಂದು ಕ್ಯಾಪ್ಟನ್ ಹೇಳುತ್ತಾನೆ. ಇದ್ದಿರಬಹುದು. ನಿನ್ನ ನಳಿಗೆ ನೀನು ಹೇಳಿದ ಹಾಗೆಯೇ ಇದೆ, ಗುರಿ ತಪ್ಪಲಿಲ್ಲ.

ಕಂಬಳಿ ಇನ್ನೂ ಆ ಕಂಬಿಯ ಮೇಲೇ ನೇತಾಡುತ್ತಿದೆ. ಯಾರೂ ಒಳಗೆ ತೆಗೆದುಕೊಂಡಿಲ್ಲ.

ಕ್ಯಾಪ್ಟನ್‌ಗೆ ನನ್ನ ಮೇಲೆ ತುಂಬ ಪ್ರೀತಿ ಬಂದಿದೆ. ದಿನಾ ಒಂದು ಜಾಗ ತೋರಿಸುತ್ತಾನೆ. ಬಂದೂಕು ಸರಿಯಿಲ್ಲ ಎಂದು ಹೇಳೋಣವೆಂದರೆ ಸರಿಯಿದೆಯಲ್ಲ.

ಅಮ್ಮಾ, ಬಂದೂಕನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದಿದ್ದೇನೆ. ಆದ್ದರಿಂದ ಕೇಳುತ್ತಿದ್ದೇನೆ. ನಳಿಗೆ ಕೆಡುವುದು ಹೇಗೆ? ಬಳಸುವವನು ಗೊತ್ತಿಲ್ಲದೆ ಮಾಡುವ ತಪ್ಪುಗಳು ಯಾವುವು? ಹೊರಗಿನಿಂದ ನೋಡಿದರೆ ಕಾಣದಂಥವು. ವಿವರವಾಗಿ ಬರಿ. ನಾನು ಅಂಥ ತಪ್ಪು ಮಾಡಬಾರದಲ್ಲ.

ಸ್ಯೋಮಾ ನಿನ್ನ ಕೋಳಿಗೆ ಈಗಲೇ ಹೆಸರಿಟ್ಟಿದ್ದಾನೆ.

ವೆನ್ಯಾ

*

ಇಝೆವ್ಸ್ಕ್, 18 ಮಾರ್ಚ್

ವೆನ್ಯಾ, ಮಗನೇ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಲಕೋಟೆಯನ್ನು ಯಾರೋ ತೆರೆದು ಮತ್ತೆ ಅಂಟಿಸಿದ್ದರು, ಹೊಸ ಅಂಟು ಕಾಣುತ್ತಿತ್ತು. ಹಾಗಾಗಿ ಯೋಚಿಸಿ ಬರೆಯುತ್ತಿದ್ದೇನೆ.

ನಿನ್ನ ಪ್ರಶ್ನೆಯನ್ನು ಫೋಮಾ ಲೂಕಿಚ್‌ಗೆ ತೋರಿಸಿದೆ. ಓದಿ ಮಡಚಿ ನನ್ನ ಕೈಗೇ ಕೊಟ್ಟರು. "ಹುಡ್ಗ ಜೋಪಾನ ಮಾಡ್ಬೇಕು ಅಂತಿದಾನೆ. ಅವನ ಜೋಪಾನ ನಿನ್ನ ಕೈಲಿದೆ ಕಣಮ್ಮ. ಹೇಳು" ಎಂದರು. ಆಮೇಲೆ ಮಧ್ಯಾಹ್ನದವರೆಗೆ ನನ್ನ ಕಡೆ ತಿರುಗಲಿಲ್ಲ. ಕಾರ್ಖಾನೆಯ ನಮ್ಮ ಸಾಲಿನಲ್ಲಿ ನಳಿಗೆ ಕೆಡಿಸುವ ಮಾತನ್ನು ಯಾರೂ ಬಾಯಲ್ಲಿ ಆಡುವುದಿಲ್ಲ, ನಿನಗೆ ಗೊತ್ತಲ್ಲ. ಕೈತಪ್ಪಿ ಕೆಡಿಸಿದವರು ಅದನ್ನು ಎಲ್ಲರೆದುರು ಹೊತ್ತುಕೊಂಡು ಹೋಗಿ ತಮ್ಮ ಮನೆಯ ತೋಟದಲ್ಲಿ ಗೂಟವಾಗಿ ನೆಡಬೇಕು. ನಮ್ಮ ಟೊಮೇಟೊ ಸಾಲಿನಲ್ಲಿರುವ ಎರಡು ಗೂಟ ಹಾಗೆ ಬಂದವು.

ಆದ್ದರಿಂದ ಕೇಳು, ಇವನ್ನು ಮಾಡಬೇಡ. ಒರೆಸುವ ಸರಳನ್ನು ಬಾಯಿಯ ಕಡೆಯಿಂದ ತೂರಿಸಿ ಒಂದೇ ಪಕ್ಕಕ್ಕೆ ಉಜ್ಜಬೇಡ. ಹಾಗೆ ಉಜ್ಜಿದರೆ ಬಾಯಂಚು ಒಂದು ಕಡೆ ಸವೆಯುತ್ತದೆ. ಚಿಕ್ಕ ಅರವೋ ಸಾಣೆಕಲ್ಲಿನ ಚೂರೋ ಬಾಯಂಚಿಗೆ ತಾಗದ ಹಾಗೆ ನೋಡಿಕೋ. ಉಗುರಿನಷ್ಟು ಗಾಯವಾದರೂ ಸಾಕು, ಅದೂ ಒಂದೇ ಪಕ್ಕದಲ್ಲಾದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಒಂದೊಂದು ಸಲ ಒಂದೊಂದು ಕಡೆ. ದುರ್ಬೀನು ಎಷ್ಟು ತಿರುಗಿಸಿದರೂ ಹಿಡಿತಕ್ಕೆ ಸಿಗುವುದಿಲ್ಲ. ಹೊರಗೆ ಮಸಿ ಮುಚ್ಚಿಕೊಂಡರೆ ನಮ್ಮಂಥವರ ಕಣ್ಣಿಗಲ್ಲದೆ ಬೇರೆಯವರಿಗೆ ಕಾಣುವುದೂ ಇಲ್ಲ.

ಇದನ್ನೆಲ್ಲ ನೆನಪಿಟ್ಟುಕೊಂಡು ಎಚ್ಚರವಾಗಿರು.

ಕಂಬಳಿಯ ವಿಷಯ ಓದಿದೆ. ನಮ್ಮ ಕೆಂಪು ಕಂಬಳಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಆ ನಳಿಗೆಯ ಮೇಲೆ ಕೋಳಿಕಾಲು ಹೊಡೆದದ್ದು ಯಾವ ದಿನವೋ, ಆವತ್ತು ಏನು ಹಾಡು ಗುನುಗುತ್ತಿದ್ದೆನೋ ಗೊತ್ತಿಲ್ಲ. ಹಾಡುತ್ತಂತೂ ಇದ್ದೆ. ಕೆಲಸದಲ್ಲಿ ನಾನು ಯಾವಾಗಲೂ ಹಾಡುತ್ತೇನಲ್ಲ.

ನೀನು ಹೋದಂತೆಯೇ ಬಾ. ನನಗೆ ಬೇರೇನೂ ಬೇಡ.

ಅಮ್ಮ

*

9 ಏಪ್ರಿಲ್

ಅಮ್ಮಾ,

ಬದುಕಿದ್ದೇನೆ. ತುಂಬ ಚೆನ್ನಾಗಿದ್ದೇನೆ!

ನೀನು ಹೇಳಿದ ಯಾವ ತಪ್ಪನ್ನೂ ಮರೆತಿಲ್ಲ. ಒಂದೊಂದನ್ನೂ ನೆನಪಿಟ್ಟುಕೊಂಡು ಬಂದೂಕು ಜೋಪಾನ ಮಾಡಿದ್ದೇನೆ. ಆದರೂ ಏನೋ, ಈಚೆಗೆ ನನಗೆ ಅದೃಷ್ಟವಿಲ್ಲ. ಗೋಡೆಗೆ ಹೊಡೆಯುತ್ತೇನೆ, ಚಿಮಣಿಗೆ ಹೊಡೆಯುತ್ತೇನೆ, ಆಕಾಶಕ್ಕಂತೂ ಧಾರಾಳ. ಸ್ಯೋಮಾ ಪಕ್ಕದಲ್ಲಿ ಮಲಗಿ ಗಂಭೀರವಾಗಿ ವರದಿ ಮಾಡುತ್ತಾನೆ. "ಇಟ್ಟಿಗೆ ಒಂದು, ಸತ್ತಿದೆ. ಕಾಗೆ ಒಂದು, ಬೈಕೊಂಡು ಹೋಯ್ತು." ಅವನಿಗೆ ಎಲ್ಲ ಗೊತ್ತು. ಹೇಳಿಲ್ಲ, ಆದರೂ ಗೊತ್ತು. ಒಂದು ರಾತ್ರಿ ನನ್ನ ಭುಜ ತಟ್ಟಿ, "ನಿಮ್ಮಮ್ಮ ದೊಡ್ಡವಳು ಕಣೋ" ಎಂದಷ್ಟೇ ಹೇಳಿ ಮಲಗಿದ.

ಕ್ಯಾಪ್ಟನ್ ಬೈಯುತ್ತಾನೆ. ಬೈಯಲಿ. ನನಗೆ ಮತ್ತೆ ನಿದ್ದೆ ಬರುತ್ತಿದೆ ಅಮ್ಮಾ.

ಸೇವೆಯ ಅವಧಿ ಬೆಳೆಸುತ್ತಾರೆ ಎಂದು ಗಾಳಿಮಾತಿದೆ. ನಂಬಬೇಡ. ಟೊಮೇಟೊ ಸಸಿ ನೆಡುವ ಹೊತ್ತಿಗೆ ಬರುತ್ತೇನೆ. ಗುಂಡಿ ನಾನೇ ತೋಡುತ್ತೇನೆ, ನಿನ್ನ ಸೊಂಟ ಹಿಡಿದುಕೊಂಡೀತು.

ವೆನ್ಯಾ

*

ಇಝೆವ್ಸ್ಕ್, 25 ಮೇ

ವೆನ್ಯಾ,

ಗಾಳಿಮಾತು ನಿಜವಾಯಿತು. ಪೇಪರಿನಲ್ಲಿ ಬಂದಿದೆ, ಎಲ್ಲರ ಅವಧಿಯನ್ನೂ ಬೆಳೆಸಿದ್ದಾರೆ. ಪಕ್ಕದ ಮನೆಯವಳು ಬೀದಿಯಲ್ಲಿ ನಿಂತು ಮಾಸ್ಕೋದವರ ವಂಶವನ್ನೆಲ್ಲ ಬೈದಳು. ನಾನು ಒಳಗೆ ಕೂತು ಕೇಳಿದೆ. ನನ್ನ ಪಾಲಿನದ್ದನ್ನೂ ಅವಳೇ ಬೈದಳು ಎಂದುಕೊಂಡೆ.

ಗುಂಡಿ ನಾನೇ ತೋಡಿದೆ. ಸೊಂಟಕ್ಕೆ ಏನೂ ಆಗಿಲ್ಲ. ನೀನು ಬರೆದು ತಿಂಗಳು ದಾಟಿತು. ಒಂದು ಸಾಲು ಬರಿ. ಮೊದಲ ಸಾಲು ಮಾತ್ರ ಸಾಕು.

ಅಮ್ಮ

*

ಇಝೆವ್ಸ್ಕ್, 20 ಜೂನ್

ವೆನ್ಯಾ,

ಮೊದಲ ಸಾಲು ಸಾಕು ಎಂದೆನಲ್ಲೋ.

ಅಮ್ಮ

*

2 ಜುಲೈ

ಅಮ್ಮಾ,

ಬದುಕಿದ್ದೇನೆ.

ಸ್ಯೋಮಾ ಇಲ್ಲ. ಮೇ ತಿಂಗಳಲ್ಲಿ. ಅಂಗಳ ದಾಟಿ ನೀರು ತರಲು ಹೋಗಿದ್ದ. ಅವತ್ತು ಅವನ ಸರದಿಯೂ ಅಲ್ಲ. ನನ್ನ ಬಾಟಲಿಯನ್ನೂ ತೆಗೆದುಕೊಂಡು, "ಕಾಗೆ ಕಂಡ್ರೆ ಹೊಡೀಬೇಡ ಮಾರಾಯ, ಅದರ ಸಂಸಾರ ನಂಗೆ ಪರಿಚಯ ಆಗಿದೆ" ಎಂದು ಹೋದ.

ಎದುರಿನ ಕಿಟಕಿಯಲ್ಲಿದ್ದವನು ನನಗೆ ಕಂಡ. ಚೆನ್ನಾಗಿ ಕಂಡ. ಅವನು ಸ್ಯೋಮಾನ ಕಡೆ ಬಂದೂಕು ತಿರುಗಿಸುವುದಕ್ಕೆ ಮೊದಲೇ ಕಂಡ. ನನಗೆ ಬೇಕಾದಷ್ಟು ಹೊತ್ತಿತ್ತು. ಹೊಡೆದೆ. ಕಿಟಕಿಯ ಚೌಕಟ್ಟಿನಿಂದ ಗಾರೆ ಉದುರಿತು. ಮತ್ತೆ ಹೊಡೆದೆ, ಮೇಲೆ ಹೋಯಿತು. ಮೂರನೆಯದು ಎಲ್ಲಿ ಹೋಯಿತೋ. ಅವನು ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ನಿಧಾನವಾಗಿ ಸ್ಯೋಮಾನಿಗೆ ಗುರಿಯಿಟ್ಟ.

ನೀನು ಹೇಳಿದ ಹಾಗೆಯೇ ಆಯಿತು. ಒಂದೊಂದು ಸಲ ಒಂದೊಂದು ಕಡೆ.

ಅರ ಹಿಡಿದವನು ನಾನು. ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟೆ. ಈ ಎರಡು ವಾಕ್ಯ ಬರೆಯಲು ಆಗದೆ ಇಷ್ಟು ದಿನ ಬರೆಯಲಿಲ್ಲ.

ನಳಿಗೆ ಸವೆದಿದೆ ಎಂದು ಹೇಳಿ ಬಂದೂಕು ವಾಪಸ್ ಕೊಟ್ಟೆ. ಹೊಸದು ಕೊಟ್ಟಿದ್ದಾರೆ. ಕ್ಯಾಪ್ಟನ್‌ಗೆ ನನ್ನ ಮೇಲೆ ಮತ್ತೆ ಪ್ರೀತಿ ಬಂದಿದೆ. ಅವಧಿ ಮುಗಿದ ಮೇಲೂ ಉಳಿಯುತ್ತೇನೆಂದು ಸಹಿ ಹಾಕಿದ್ದೇನೆ. ಅಣಬೆ ಹುಳ ಹಿಡಿಯುವ ಮೊದಲು ನೀನೇ ತಿಂದುಬಿಡು.

ವೆನ್ಯಾ

*

ಇಝೆವ್ಸ್ಕ್, 24 ಸೆಪ್ಟೆಂಬರ್

ವೆನ್ಯಾ, ನನ್ನ ಮಗನೇ,

ಇಡೀ ಬೇಸಿಗೆ ನಿನಗೆ ಬರೆದು ಬರೆದು ಒಲೆಗೆ ಹಾಕಿದೆ. ಸ್ಯೋಮಾನ ಅಮ್ಮನಿಗೂ ಬರೆಯಲು ಕೂತೆ. ಅವಳು ಮೊದಲ ಸಾಲನ್ನು ಮಾತ್ರ ಓದುತ್ತಾಳಲ್ಲ. ಆ ಸಾಲಿನಲ್ಲಿ ಏನು ಬರೆಯಲಿ? ನಾನು ಯಾರೆಂದು ಬರೆಯಲಿ? ಆಗಲಿಲ್ಲ.

ನನ್ನ ಮಗನ ಕೈಗೆ ರಕ್ತ ಹತ್ತದಿರಲಿ ಎಂದುಕೊಂಡೆ. ಅವಳ ಮಗನ ನೆನಪೇ ಬರಲಿಲ್ಲ ನನಗೆ. ಕೋಳಿ ಕೊಡುತ್ತೇನೆ ಎಂದು ಬರೆದವಳಿಗೆ ಅವನ ನೆನಪು ಬರಲಿಲ್ಲ, ನೋಡು.

ಕಳೆದ ವಾರ ದಕ್ಷಿಣದ ಯುದ್ಧಭೂಮಿಯಿಂದ ದುರಸ್ತಿಗೆಂದು ಪೆಟ್ಟಿಗೆಗಳು ಬಂದವು. ಒಂದೊಂದೇ ನಳಿಗೆ ಎತ್ತಿ ನೋಡುತ್ತಿದ್ದೆ. ಒಂದರ ಬುಡ ತಿರುಗಿಸಿದರೆ ಕೋಳಿಕಾಲು. ನನ್ನವು ಎಷ್ಟೋ ಇರುತ್ತವೆ, ಇದು ಬೇರೆ ಯಾವುದೋ ಎಂದು ನನಗೆ ನಾನೇ ಹೇಳಿಕೊಂಡು ಕಿಟಕಿಗೆ ಹಿಡಿದೆ. ಒಳಗೆ ಉಂಗುರಗಳು ಒಂದರೊಳಗೊಂದು, ಕೊನೆಯವರೆಗೂ ಕೂದಲಷ್ಟೂ ಅಲುಗದೆ ಕೂತಿದ್ದವು. ಒಂದು ಕಲೆಯಿಲ್ಲ. ಬಾಯಂಚಿನಲ್ಲಿ ಮಾತ್ರ, ಕೆಳಗೆ ಬಲಪಕ್ಕಕ್ಕೆ, ಉಗುರಿನಷ್ಟು ಗಾಯ. ಎಷ್ಟು ಅಚ್ಚುಕಟ್ಟಾಗಿ ಉಜ್ಜಿದ್ದೀಯ ಮಗನೇ! ಅವಸರ ಮಾಡಿಲ್ಲ, ಅರ ಜಾರಿಲ್ಲ. ನಿನ್ನದು ನಮ್ಮ ಸಾಲಿನ ಕೈ. ಕಾರ್ಖಾನೆಗೆ ಸೇರಿಸಿದ್ದರೆ ನನ್ನನ್ನು ಮೀರಿಸುತ್ತಿದ್ದೆ.

ಫೋಮಾ ಲೂಕಿಚ್ ಬಂದು ನೋಡಿದರು. "ಒಳಗೇನೂ ಆಗಿಲ್ಲ. ತುದಿ ಒಂದು ಬೆರಳಗಲ ಕೊಯ್ದು ಹೊಸ ಅಂಚು ಮಾಡಿದ್ರೆ ಮೊದಲಿನಂಗೇ ಹೊಡೆಯುತ್ತೆ. ಅರ್ಧ ಗಂಟೆ ಕೆಲ್ಸ" ಎಂದರು.

"ಬೇಡ" ಎಂದೆ.

"ಉಲ್ಯಾನಾ..."

"ಬೇಡ ಅಂದ್ನಲ್ಲ! ಇದು ನಾನು ಕೆಡಿಸಿದ್ದು. ತೋಟಕ್ಕೆ ಹೋಗ್ಬೇಕು."

ಅವರು ನನ್ನ ಮುಖ ನೋಡಿದರು. ಚೀಟಿಯ ಮೇಲೆ ಕೆಲಸಕ್ಕೆ ಬಾರದು ಎಂದು ಗೀಚಿದರು. ಎಲ್ಲರೆದುರು ಹೊತ್ತುಕೊಂಡು ಹೋದೆ. ಸಾಲಿನವರೆಲ್ಲ ಯಂತ್ರ ನಿಲ್ಲಿಸಿ ನೋಡಿದರು. ಯಾರೂ ನಗಲಿಲ್ಲ. ಮೊದಲೆಲ್ಲ ನಗುತ್ತಿದ್ದರು. ಗೇಟಿನವನು ಬೇರೆ ಕಡೆ ತಿರುಗಿ ನಿಂತ. ಟೊಮೇಟೊ ಸಾಲಿನ ಕೊನೆಗೆ, ಬಾಯಿ ಕೆಳಗೆ ಮಾಡಿ ನೆಟ್ಟಿದ್ದೇನೆ.

ನೆಟ್ಟು ಅಲ್ಲೇ ಕೂತೆ. ನಾನು ಚಳಿಗಾಲದಲ್ಲಿ ನಿನಗೆ ಬರೆದದ್ದು ನೆನಪಾಯಿತು. ಬಲವಂತವಾಗಿ ಒತ್ತಿದ ಉಕ್ಕು ಮರೆಯುವುದಿಲ್ಲ, ಬಿಸಿ ತಾಗಿದಾಗ ಹಳೆಯ ಬಾಗಿಗೆ ಮರಳುತ್ತದೆ ಎಂದು. ಅದನ್ನು ದೋಷವೆಂದು ಬರೆದಿದ್ದೆ. ಈಗ ಅದೊಂದನ್ನೇ ಹಿಡಿದುಕೊಂಡಿದ್ದೇನೆ. ನಿನ್ನನ್ನು ಒತ್ತಿದ್ದಾರೆ ವೆನ್ಯಾ. ಅವರು ಒಂದು ಕಡೆಯಿಂದ ಒತ್ತಿದರು, ನಾನು ಇನ್ನೊಂದು ಕಡೆಯಿಂದ ಒತ್ತಿದೆ. ಆದರೂ ಒಳಗೆ ಎಲ್ಲೋ ಗುಂಡಿ ತೋಡುತ್ತೇನೆ ಎಂದವನು ಇದ್ದಾನೆ. ಮನೆಗೆ ಬಾ. ಬಾನ್ಯಾದ ಹಬೆಮನೆ ಕಾಯಿಸುತ್ತೇನೆ, ಬಿಸಿಗೆ ಸುಮ್ಮನೆ ಕೂತಿರು. ಮಾತಾಡಬೇಡ. ನಾನೂ ಆಡುವುದಿಲ್ಲ.

ಆದರೆ ನನಗೆ ಗೊತ್ತಿರುವುದು ಉಕ್ಕಿನ ವಿಷಯ ಮಾತ್ರ. ಮನುಷ್ಯರಲ್ಲಿ ಹೇಗೋ.

ಟೊಮೇಟೊ ಹಸಿರಿರುವಾಗಲೇ ಮಂಜು ಬಿತ್ತು. ಉಪ್ಪಿನಲ್ಲಿ ಹಾಕಿಟ್ಟಿದ್ದೇನೆ.

ನಿನ್ನ ಅಮ್ಮ

*

30 ಅಕ್ಟೋಬರ್

ಅಮ್ಮಾ,

ಪತ್ರ ಸಿಕ್ಕಿತು.

ನಾನು ಬರುವುದಿಲ್ಲ, ಕಾಯಬೇಡ. ನನ್ನನ್ನು ಒತ್ತಿದ್ದಾರೆ ಎಂದು ಬರೆದಿದ್ದೀಯ. ಈ ಹೊಸ ನಳಿಗೆಯನ್ನು ಬೇಸಿಗೆಯಿಂದ ನೋಡುತ್ತಿದ್ದೇನೆ. ಕೈ ಸುಡುವಷ್ಟು ಬಿಸಿಯಾದರೂ ಅಲುಗುವುದಿಲ್ಲ, ಇಟ್ಟ ಜಾಗಕ್ಕೇ ಹೋಗುತ್ತದೆ. ಇದನ್ನು ಯಾರೂ ಒತ್ತಿಲ್ಲ. ಹುಟ್ಟಿನಿಂದ ಹೀಗೇ ಇದ್ದದ್ದು ಇರಬೇಕು. ನನ್ನ ವಿಷಯವೂ ಅಷ್ಟೇ ಎಂದುಕೋ.

ಆ ನಳಿಗೆಯನ್ನು ಮಣ್ಣಿನಿಂದ ಕಿತ್ತು ತೆಗೆ. ಹಿಮ ಬಿದ್ದರೆ ತುಕ್ಕು ಹಿಡಿಯುತ್ತದೆ. ಒಳಗೆ ಏನೂ ಆಗಿಲ್ಲ, ತುದಿ ಮಾತ್ರ ಕೆಟ್ಟಿದೆ ಎಂದು ನೀನೇ ಬರೆದಿದ್ದೀಯ. ಒಂದು ಬೆರಳಗಲ ಕೊಯ್ದು, ಎಣ್ಣೆ ಹಚ್ಚಿ, ಕಾರ್ಖಾನೆಗೆ ಹಿಂದಿರುಗಿಸು. ಇಲ್ಲಿಗೆ ಹೊಸ ಹುಡುಗರು ಬಂದಿದ್ದಾರೆ. ಮೀಸೆ ಮೂಡದವರು. ಅವರಿಗೆ ಸವೆದ ಬಂದೂಕು ಕೊಟ್ಟಿದ್ದಾರೆ, ಅಂಗಳ ದಾಟುವವರನ್ನು ಕಾಯಲು ಅದರಿಂದ ಆಗುವುದಿಲ್ಲ.

ಹೊಸ ಅಂಚಿನ ಕೆಲಸವನ್ನು ಬೇರೆಯವರ ಕೈಗೆ ಕೊಡಬೇಡ, ನೀನೇ ಮಾಡು. ನಿನ್ನ ಕೈಯದು ಗುರಿ ತಪ್ಪುವುದಿಲ್ಲ.

ವೆನಿಯಾಮಿನ್